ಊಟಕ್ಕೆ ಕರೆಯುವ ಹೆಸರು

ಬಸ್ಸಿನ ಅರೆತೆರೆದ ಕಿಟಕಿಯಿಂದ ಓಟ್ಸ್ ಹುರಿದ ವಾಸನೆ, ಹಾಗಾದರೆ ನದಿ ದಂಡೆಯ ಗಿರಣಿ ಇವತ್ತು ನಡೆಯುತ್ತಿದೆ, ಗಾಳಿ ಸರೋವರದ ಕಡೆಯಿಂದ ಬೀಸುತ್ತಿದೆ, ಸರೋವರದ ಗಾಳಿ ಇದ್ದ ದಿನ ಎತ್ತರಕ್ಕೆ ಹೊಡೆದ ಚೆಂಡು ದೂರ ಹೋಗುವ ಹಾಗೆ ಕಂಡು ಅಲ್ಲೇ ಸುಸ್ತಾಗಿ ಕೆಳಗಿಳಿಯುತ್ತದೆ — ಮೂಗಿಗೆ ಬಿದ್ದದ್ದನ್ನೆಲ್ಲ ಬೇಸ್‌ಬಾಲಿಗೆ ತಂದು ಕಟ್ಟುವುದು ಡೆಸ್‌ನ ಚಾಳಿ, ಅದು ಹೆಡ್ವಿಗ್‌ಗೆ ಯಾವಾಗ ಅಂಟಿತೋ, ನಲವತ್ತಾರು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಮೇಲೆ ಅಂಟದೆ ಏನು, ಗಂಡ ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯಿತು, ಈಗಲೂ ಗಾಳಿ ಕೆನ್ನೆಗೆ ತಾಗಿದರೆ ಮೊದಲು ಚೆಂಡು, ಆಮೇಲೆ ಉಳಿದದ್ದು. ಆದರೆ ಇವತ್ತು ಆಟವಿಲ್ಲ, ಸೋಮವಾರ, ಡ್ರಾಫ್ಟ್‌ನ ಎರಡನೆಯ ದಿನ, ದೇಶದ ತಂಡಗಳೆಲ್ಲ ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ, ಊರಿನ ತಂಡ ಬಫಲೋ ಬಾರ್ಜ್‌ಮೆನ್‌ಗೆ, ಅಂದರೆ ದೋಣಿಯವರಿಗೆ, ಇವತ್ತು ಮಧ್ಯಾಹ್ನ ನಾಲ್ಕನೇ ಸುತ್ತಿನಲ್ಲಿ ಸರದಿ ಬರುತ್ತದೆ, ಅಷ್ಟರೊಳಗೆ ಅವಳು ಬಾರಿನ ಹಿತ್ತಲಲ್ಲಿ ಕೂತಿರಬೇಕು, ಎರಡು ವರ್ಷದಿಂದ ದಿನಾ ಮಾತಾಡುತ್ತಿರುವ, ಒಮ್ಮೆಯೂ ಮುಖ ನೋಡದ ಮೂವರ ಜೊತೆ. ಹಳದಿ ಅಂಗಿ ಹಾಕಿದ್ದಾಳೆ, ಮೂರು ಸಲ ಬದಲಾಯಿಸಿ ಕೊನೆಗೆ ಮೊದಲನೆಯದನ್ನೇ, ಎಪ್ಪತ್ತನಾಲ್ಕು ವರ್ಷದ ಹೆಂಗಸು ಯಾವ ಅಂಗಿ ಹಾಕಿದರೂ ಅವರಿಗೆ ಆಗುವ ಆಶ್ಚರ್ಯ ಒಂದೇ, ಏಕೆಂದರೆ ಅವಳನ್ನು ಅವರು ಗಂಡಸು ಎಂದು ತಿಳಿದಿದ್ದಾರೆ.

ತಪ್ಪು ಅವಳದಲ್ಲ, ಡೆಸ್‌ನದು. ಮೂವತ್ತೊಂದು ವರ್ಷ ರೇಡಿಯೋದಲ್ಲಿ ಬಾರ್ಜ್‌ಮೆನ್‌ರ ಪ್ರತಿ ಆಟವನ್ನೂ ಹೇಳಿದ ಡೆಸ್ಮಂಡ್ ಟಿಯರ್ನಿ, ಊರಿನ ಅಡಿಗೆಮನೆಗಳಲ್ಲಿ, ಲಾರಿಗಳಲ್ಲಿ, ಕ್ಷೌರದಂಗಡಿಗಳಲ್ಲಿ ಕೇಳಿಸುತ್ತಿದ್ದ ದನಿ, ಆ ಮನುಷ್ಯ ಕಳ್ಳನ ಹಾಗೆ ಅಭಿಮಾನಿಗಳ ಒಂದು ಹರಟೆ ಗುಂಪಿಗೆ ಸೇರಿಕೊಂಡಿದ್ದ, ಹನ್ನೆರಡನೇ ಸಾಲು ಎಂದು ಹೆಸರಿಟ್ಟುಕೊಂಡು, ತನ್ನ ಬಗ್ಗೆ ಜನ ಏನು ಬೈಯುತ್ತಾರೆ ಕೇಳೋಣ ಅಂತ. ಬೈಯುತ್ತಿದ್ದರು, ಚೆನ್ನಾಗಿಯೇ ಬೈಯುತ್ತಿದ್ದರು, ಡೆಸ್ ಮುದುಕ ಮೂರನೇ ಇನ್ನಿಂಗ್ಸ್‌ನಲ್ಲಿ ನಿದ್ದೆ ಹೋಗಿದ್ದ, ಯಾರಾದ್ರೂ ಅವನಿಗೆ ಕಾಫಿ ಕೊಡಿ ಅಂತ ಜೋಲೀನ್ ಎಂಬವಳು ಬರೆದರೆ ಇವನು ನಿಜ ಕಣಮ್ಮಾ, ಅವನ ಕಥೆ ಮುಗೀತು ಅಂತ ಉತ್ತರ ಕೊಟ್ಟು, ಮಂಚ ಅಲ್ಲಾಡುವ ಹಾಗೆ ನಗುತ್ತಿದ್ದ, ಹೆಡ್ಡೀ ಹೆಡ್ಡೀ ಇದನ್ನು ಓದು ಅಂತ ಅವಳ ಕನ್ನಡಕ ಹುಡುಕಿ ಕೊಡುತ್ತಿದ್ದ. ಆಮೇಲೆ ಮಾರ್ಚಿನ ಒಂದು ಬೆಳಿಗ್ಗೆ, ಅರ್ಧ ಕೆನ್ನೆಯ ಗಡ್ಡ ಬೋಳಿಸಿದ್ದ, ಇನ್ನರ್ಧಕ್ಕೆ ನೊರೆ ಹಾಗೇ ಇತ್ತು — ಬೇಡ, ಅದು ಈಗ ಬೇಡ, ಬಸ್ಸು ಸೇತುವೆ ದಾಟುತ್ತಿದೆ, ಸೇತುವೆಯ ಮೇಲೆ ಒಳ್ಳೆಯದನ್ನೇ ನೆನೆಯಬೇಕು ಅಂತ ಅವಳ ಅಮ್ಮ ಹೇಳುತ್ತಿದ್ದಳು, ಯಾಕೆ ಅಂತ ಹೇಳಿರಲಿಲ್ಲ. ಸಮಾಧಿಯಾಗಿ ಹತ್ತು ದಿನಕ್ಕೆ ಅವಳು ಅವನ ಟ್ಯಾಬ್ಲೆಟ್ ತೆರೆದಳು, ಖಾತೆ ಮುಚ್ಚಿಬಿಡೋಣ ಅಂತ, ನೋಡಿದರೆ ಗುಂಪು ತುಂಬ ಅವನೇ, ನೂರಾರು ಸಂದೇಶ, ಆಂಬ್ರೋಸ್ ಎಂಬವನು ಬರೆದಿದ್ದ, ನಮ್ಮಪ್ಪ ನನ್ನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಈ ಮನುಷ್ಯ ಆಡಿದ್ದ ನನ್ನ ಜೊತೆ, ಆಮೇಲೆ ಕೆಳಗೆ ಇನ್ನೊಂದು, ಹನ್ನೆರಡನೇ ಸಾಲು, ಎಲ್ಲಿದ್ದೀಯಪ್ಪ, ನೀನೂ ಸುಮ್ಮನಾದ್ರೆ ಹೇಗೆ. ಅವಳು ತುಂಬ ಹೊತ್ತು ಕೂತಿದ್ದು ಒಂದೇ ಬೆರಳಲ್ಲಿ ಒತ್ತಿದಳು, ಇಲ್ಲೇ ಇದ್ದೇನೆ. ಅಷ್ಟೇ. ಅಲ್ಲಿಂದ ಶುರುವಾದದ್ದು ಇಲ್ಲಿಯ ತನಕ ಬಂತು, ದಿನಕ್ಕೆ ನಾಲ್ಕು ಮಾತು, ಹತ್ತು ಮಾತು, ಚೆಂಡೆಸೆಯುವ ಪಿಚರ್‌ಗಳ ಮೊಣಕೈ, ಮ್ಯಾನೇಜರನ ದಡ್ಡತನ, ಜೋಲೀನ್‌ಳ ಮಗಳ ಮದುವೆ, ಆಂಬ್ರೋಸನ ಸಕ್ಕರೆ ಕಾಯಿಲೆ, ಸಂಜೆಯ ಚಹಾ ಒಬ್ಬಳೇ ಕುಡಿಯುವುದು ತಪ್ಪಿತು, ಅದನ್ನು ಮೋಸ ಅಂತ ಕರೆಯಬೇಕೋ ಏನಂತ ಕರೆಯಬೇಕೋ ಅವಳಿಗೆ ಗೊತ್ತಿಲ್ಲ.

ಈ ಬೇಸಗೆ ಶುರುವಾದ ಮೇಲೆ ವಿಡಿಯೋಗಳು ಬಂದವು. ಮೊದಲನೆಯದನ್ನು ಗುಂಪಿಗೆ ಹಾಕಿದವನು ಫೌಸ್ಟೋ, ವೆಸ್ಟ್ ಸೈಡಿನಲ್ಲಿ ಬೇಕರಿ ಇಟ್ಟವನು, ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು, ಇದನ್ನ ನೋಡಿ, ನನಗೆ ಮೈಯೆಲ್ಲ ಮುಳ್ಳು ಎದ್ದಿದೆ ಅಂತ ಬರೆದು — ರೇಡಿಯೋದ ಗಾಜಿನ ಕೋಣೆ, ಮೈಕು, ಮೈಕಿನ ಹಿಂದೆ ಡೆಸ್, ಸತ್ತ ಡೆಸ್, ವಯಸ್ಸು ಐವತ್ತೋ ಎಪ್ಪತ್ತೋ ಹೇಳಲಾಗದ ಮುಖ, ರೆಪ್ಪೆ ಮಿಟುಕಿಸದ ಕಣ್ಣು, ಮಾತಿಗಿಂತ ಅರ್ಧ ಕ್ಷಣ ಹಿಂದೆ ಓಡುವ ತುಟಿ, ಹಲ್ಲು ಒಂದೆರಡು ಹೆಚ್ಚೇ ಇದ್ದವು, ನಮಸ್ಕಾರ ಬಫಲೋ ಅನ್ನುತ್ತದೆ ಅದು, ಈ ವರ್ಷದ ಡ್ರಾಫ್ಟ್‌ನಲ್ಲಿ ನಮ್ಮವರು ಯಾರನ್ನು ತೆಗೆದುಕೊಳ್ಳುತ್ತಾರೆ ಎಂದು ಹೇಳುತ್ತದೆ, ಹೇಳಿ ಮುಗಿದ ಮೇಲೆ ಏನೂ ಮಾಡದೆ ಹತ್ತು ಎಣಿಸುವಷ್ಟು ಹೊತ್ತು ನಿಮ್ಮನ್ನೇ ನೋಡುತ್ತದೆ. ಕಂಪ್ಯೂಟರಿನಲ್ಲಿ ಇದನ್ನು ಯಾರು ಮಾಡುತ್ತಿದ್ದಾರೆ, ಯಾವ ಊರಿನಲ್ಲಿ ಕೂತು, ಯಾರಿಗೂ ಗೊತ್ತಾಗಲಿಲ್ಲ, ವಾರಕ್ಕೊಂದು ಬಂತು, ಆಮೇಲೆ ಎರಡು. ಆಂಬ್ರೋಸ್ ಕೆಂಡಾಮಂಡಲ, ತೆಗೀರಿ ಇದನ್ನ, ಹೆಣದ ಬಾಯಲ್ಲಿ ಮಾತು ಆಡಿಸೋದು ಇದು, ಜೋಲೀನ್ ಬರೆದಳು ನಾನು ನೋಡಲ್ಲ, ನೋಡಿದ್ರೆ ಅಡಿಗೆಮನೆಗೆ ಹೋಗೋಕೆ ಹೆದರಿಕೆ, ಬರೆದು ಮರುದಿನ, ನಿನ್ನೆಯದನ್ನೂ ನೋಡಿದೆ. ಹನ್ನೆರಡನೇ ಸಾಲು ಏನೂ ಬರೆಯಲಿಲ್ಲ. ಹನ್ನೆರಡನೇ ಸಾಲು ಅಡಿಗೆಮನೆಯ ಮೇಜಿನ ಮುಂದೆ ಕೂತು ಮೊದಲನೆಯದನ್ನು ನಲವತ್ತು ಸಲ ನೋಡಿತು, ಯಾಕೆಂದರೆ ದನಿ ದನಿಯೇ, ಕಣ್ಣು ಮುಚ್ಚಿಕೊಂಡರೆ ಅವನು ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿರುವ ಹಾಗೆಯೇ — ಎಲ್ಲ ಸರಿ, ಏನೋ ಒಂದು ಸರಿಯಿಲ್ಲ, ಏನು, ಏನು, ನಲವತ್ತನೆಯ ಸಲ ಹೊಳೆಯಿತು, ಅದು ಉಸಿರಾಡುವುದಿಲ್ಲ. ಡೆಸ್‌ನ ಮೂಗು ಹುಡುಗನಾಗಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡದ್ದು, ಉದ್ದ ವಾಕ್ಯಕ್ಕೆ ಮುಂಚೆ ಸುಂಯ್ ಅಂತ ಒಂದು ಉಸಿರು ಎಳೆಯುತ್ತಿದ್ದ, ಇಡೀ ಊರು ಕೇಳಿದ ಉಸಿರು, ವಿಡಿಯೋ ಮಾಡಿದವರು ಅದನ್ನು ಕೊಳೆ ಅಂತ ಒರೆಸಿಹಾಕಿದ್ದರು.

ಬಾರಿನ ಮುಂಬಾಗಿಲಲ್ಲಿ ಇಳಿದು ಅವಳು ಒಳಗೆ ಹೋಗಲಿಲ್ಲ, ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದಳು, ಹಿಂದಿರುಗಿ ಹೋಗಲು ಸುಲಭ ಅಂತ, ಆದರೆ ಹುರಿದ ಕೋಳಿ ರೆಕ್ಕೆಯ ಖಾರದ ವಾಸನೆ, ಉಪ್ಪು ಉದುರಿಸಿದ ಬನ್ನಿನ ವಾಸನೆ, ಒಂದು ಹಳೆಯ ಟೀವಿಯನ್ನು ಬಿಯರ್ ಪೀಪಾಯಿಯ ಮೇಲಿಟ್ಟು ಅದರ ವೈರನ್ನು ಕಿಟಕಿಯಿಂದ ಎಳೆದಿದ್ದಾರೆ, ಉದ್ದ ಮೇಜು, ಮೂರು ಜನ, ಮೂವರೂ ಒಂದೇ ಸಲ ಮಾತಾಡುತ್ತಿದ್ದಾರೆ, ನೋಡಿದ ಕೂಡಲೇ ಯಾರು ಯಾರೆಂದು ತಿಳಿಯಿತು, ಬಿಳಿ ಗಡ್ಡದ ಕರಿಯ ಎತ್ತರದ ಮನುಷ್ಯ, ಎದುರಿಗೆ ದಪ್ಪ ನೋಟುಪುಸ್ತಕ, ಅವನೇ ಆಂಬ್ರೋಸ್, ನಗರದ ಬಸ್ಸುಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದವನು, ಮುನ್ನೂರು ಹುಡುಗರ ಅಂಕಿಅಂಶ ಕೈಯಲ್ಲಿ ಬರೆದುಕೊಂಡವನು, ತೋಳಿಲ್ಲದ ಅಂಗಿ ಹಾಕಿ ಎರಡೂ ಮೊಣಕೈ ಮೇಜಿನ ಮೇಲೆ ಊರಿದವಳು ಜೋಲೀನ್, ಸೆನೆಕಾ ಮೂಲನಿವಾಸಿ ಜನಾಂಗದವಳು, ಮನೆಗಳ ಮಾಡು ಹಾಕುವ ಕೆಲಸ, ದನಿ ಮಾಡಿನ ಮೇಲಿಂದಲೇ ಕೂಗಿದ ಹಾಗೆ, ಅವಳ ಪಕ್ಕ ಕರಿದ ಪಾಸ್ತೆಲಿಯೋ ಕಡುಬು ತುಂಬಿದ ಡಬ್ಬಿ ತೆರೆಯುತ್ತಿರುವವನು ಫೌಸ್ಟೋ, ಹುಬ್ಬಿಗೆ ಹಿಟ್ಟು ಅಂಟಿದೆ. ಶೌಚಾಲಯ ಒಳಗಡೆ ಇದೆ ಮೇಡಂ, ಬಲಗಡೆ, ಅಂತ ಫೌಸ್ಟೋ ಅಂದ. ಹೆಡ್ವಿಗ್ ನಿಂತೇ ಇದ್ದಳು, ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಶೌಚಾಲಯ ಬೇಡ, ನಾನೇ ಹನ್ನೆರಡನೇ ಸಾಲು ಅಂದಳು. ಟೀವಿಯಲ್ಲಿ ಯಾರೋ ಟೆಕ್ಸಾಸಿನ ಹುಡುಗನ ಬಗ್ಗೆ ಹೇಳುತ್ತಿದ್ದರು. ಆಮೇಲೆ ಜೋಲೀನ್ ಎದ್ದಳು, ಹತ್ತಿರ ಬಂದಳು, ತಲೆಯಿಂದ ಕಾಲಿನ ತನಕ ನೋಡಿದಳು, ಮೇ ತಿಂಗಳಲ್ಲಿ ನಮ್ಮ ಮ್ಯಾನೇಜರನ್ನ ಹೊಲ ಉಳೋಕೂ ಲಾಯಕ್ಕಿಲ್ಲದ ಎತ್ತು ಅಂತ ಬರೆದದ್ದು ನೀನಾ. ಹೌದು, ನಾನೇ. ಕೂತ್ಕೊಳ್ಳಮ್ಮ, ಅಂತ ಜೋಲೀನ್ ಅವಳನ್ನು ತಬ್ಬಿಕೊಂಡು ನೆಲದಿಂದ ಎತ್ತಿಯೇಬಿಟ್ಟಳು, ಹಳದಿ ಅಂಗಿಗೆ ಡಾಂಬರಿನ ವಾಸನೆ, ಆಂಬ್ರೋಸ್ ತನ್ನ ಟೋಪಿ ತೆಗೆದು ಎದೆಗಿಟ್ಟುಕೊಂಡ, ಎರಡು ವರ್ಷ ನಿಮ್ಮ ಮುಂದೆ ಆಡಬಾರದ ಮಾತೆಲ್ಲ ಆಡಿದೀನಲ್ಲ ಮೇಡಂ, ನೀವು ಆಡಿದ್ದಕ್ಕಿಂತ ಹೆಚ್ಚು ನಾನೇ ಆಡಿದ್ದೇನೆ ಬಿಡಿ ಅಂದಳು ಹೆಡ್ವಿಗ್, ಬನ್ನು ಬಂತು, ಬನ್ನಿನೊಳಗೆ ತೆಳ್ಳಗೆ ಕತ್ತರಿಸಿದ ಮಾಂಸ, ಮೂಗಿಗೆ ಏರುವ ಮೂಲಂಗಿ ಚಟ್ನಿ, ಕಣ್ಣಲ್ಲಿ ನೀರು, ಅದು ಚಟ್ನಿಗೇ ಬಂದ ನೀರು ಅಂತ ಎಲ್ಲರೂ ಒಪ್ಪಿಕೊಂಡರು.

ಎಷ್ಟು ಸಲೀಸು ಇದು, ಅಂದುಕೊಳ್ಳುತ್ತಾಳೆ, ಬರೆದದ್ದನ್ನೇ ಬಾಯಲ್ಲಿ ಹೇಳುವುದು, ಅಷ್ಟೇ ವ್ಯತ್ಯಾಸ, ನಿನ್ನೆ ಮೊದಲ ಸುತ್ತಿನಲ್ಲಿ ತೆಗೆದುಕೊಂಡ ಪಿಚರ್‌ನ ಜಗಳ ಇನ್ನೂ ನಡೆದಿದೆ, ಭುಜ ಎರಡು ಸಲ ಕೊಯ್ಸಿಕೊಂಡ ಹುಡುಗನಿಗೆ ಮೊದಲ ಸರದಿಯನ್ನೇ ಕೊಟ್ರಲ್ಲ, ಅವನ ತೋಳಿಗಿಂತ ನನ್ನ ಏಣಿ ಗಟ್ಟಿ ಅಂತ ಜೋಲೀನ್, ಭುಜ ವಾಸಿಯಾದ್ರೆ ಅವನಷ್ಟು ಒಳ್ಳೇವನು ದೇಶದಲ್ಲೇ ಇಲ್ಲ, ಅಂಕಿ ನೋಡು ಅಂತ ಆಂಬ್ರೋಸ್ ಪುಟ ತಿರುವುತ್ತಾನೆ, ವಾಸಿಯಾದ್ರೆ, ವಾಸಿಯಾದ್ರೆ, ನಿನ್ನ ಜೀವನ ಎಲ್ಲಾ ಈ ಆದ್ರೆಲೇ ಕಳೀತು ಕಣೋ ಅಂತ ಜೋಲೀನ್, ಫೌಸ್ಟೋ ನಗುತ್ತಾನೆ, ನಗುತ್ತಲೇ ಫೋನನ್ನು ಟೀವಿಗೆ ಜೋಡಿಸುತ್ತಾನೆ, ನಿನ್ನೆ ಆ ಸತ್ತ ಡೆಸ್ ಏನು ಹೇಳಿದ್ದ ನೋಡೋಣ ಇರಿ, ಭುಜದ ಹುಡುಗನ ಹೆಸರು ಮೊದಲೇ ಹೇಳಿದ್ದ, ದೇವರಾಣೆ — ಮತ್ತೆ ಪೀಪಾಯಿಯ ಮೇಲೆ, ಬಿಸಿಲಿನಲ್ಲಿ, ಕೋಳಿ ಮೂಳೆಗಳ ತಟ್ಟೆಗಳ ಆಚೆ, ಅದು. ಅಡಿಗೆಮನೆಯಲ್ಲಿ ಅಂಗೈಯಷ್ಟಿದ್ದ ಮುಖ ಇಲ್ಲಿ ಒಂದು ಮೊಳ. ರೆಪ್ಪೆ ಹೊಡೆಯದೆ. ಹೆಡ್ವಿಗ್ ಬನ್ನನ್ನು ತಟ್ಟೆಗಿಟ್ಟಳು, ಜೋಲೀನ್ ಮುಖ ತಿರುಗಿಸಿ ಆರಿಸೋ ಅದನ್ನ, ಊಟದ ಹೊತ್ತಲ್ಲಿ ಅಂದಳು, ಆಂಬ್ರೋಸ್ ಪುಸ್ತಕ ಮುಚ್ಚಿ ಏಳಲು ಹೊರಟ, ಆರಿಸಬೇಡ ಅಂದಳು ಹೆಡ್ವಿಗ್, ಇರಲಿ, ತನಗೇ ಆಶ್ಚರ್ಯ, ದನಿ ನಡುಗಲಿಲ್ಲ, ಒಬ್ಬಳೇ ನೋಡುವಾಗ ಅದು ಎಷ್ಟು ದೊಡ್ಡದಾಗಿತ್ತು, ಈಗ ಅದರ ಹಣೆಯ ಮೇಲೆ ಒಂದು ನೊಣ ಓಡಾಡುತ್ತಿದೆ, ಹುಬ್ಬಿನಿಂದ ಕಿವಿಗೆ, ಕಿವಿಯಿಂದ ಗಲ್ಲಕ್ಕೆ, ಅದು ಹತ್ತು ಎಣಿಸುವಷ್ಟು ಹೊತ್ತು ನೋಡಿ ಮುಗಿಸಿತು, ನೊಣ ಹಾರಿಹೋಯಿತು.

ನಮ್ಮ ಸರದಿ, ಸುಮ್ನಿರಿ, ಆಂಬ್ರೋಸ್ ಕೈಯೆತ್ತಿದ, ಫೌಸ್ಟೋ ಟೀವಿಯನ್ನು ಮತ್ತೆ ಡ್ರಾಫ್ಟ್‌ಗೆ ತಿರುಗಿಸಿದ, ನಾಲ್ಕನೇ ಸುತ್ತು, ಬಫಲೋ ಬಾರ್ಜ್‌ಮೆನ್ ಆರಿಸಿಕೊಂಡದ್ದು ನೆವಾಡಾದ ಕ್ಯಾಚರ್ — ಅಲ್ಲಿಗೆ ಟೀವಿಯ ಮನುಷ್ಯ ಎಡವಿದ, ಬೆನ್... ಬೆನಾಟ್... ಗೊಯ್, ಕ್ಷಮಿಸಿ, ಗೊಯ್ಕೋ ಏನೋ ಅಂದು ನಕ್ಕು ಮುಂದೆ ಹೋದ, ಆಂಬ್ರೋಸ್ ಮಾತ್ರ ಕೂತಲ್ಲಿಂದ ಸಿಡಿದೆದ್ದ, ನೂರಾ ತೊಂಬತ್ತೆರಡನೇ ಪುಟ, ಇದ್ದಾನೆ ಇದ್ದಾನೆ, ನಾನು ನಕ್ಷತ್ರ ಹಾಕಿದ್ದೆ ನೋಡಿ, ಬೇಸ್ ಕದಿಯೋಕೆ ಓಡಿದವರಲ್ಲಿ ಅರ್ಧ ಜನರನ್ನ ಔಟ್ ಮಾಡಿದ್ದಾನೆ ಈ ಹುಡುಗ, ಮೂವತ್ತು ವರ್ಷದಲ್ಲಿ ಮೊದಲನೇ ಸಲ ನಾನು ಅಂದ್ಕೊಂಡವನನ್ನ ತಗೊಂಡಿದ್ದಾರೆ, ಪುಸ್ತಕವನ್ನು ಬಾರಿನ ಯಜಮಾನನಿಗೆ ತೋರಿಸಿದ, ಪಕ್ಕದ ಮನೆಯ ಬೇಲಿಯಾಚೆ ನೀರು ಹಾಕುತ್ತಿದ್ದ ಹೆಂಗಸಿಗೆ ತೋರಿಸಿದ, ಕುಣಿದ, ಸಕ್ಕರೆ ಕಾಯಿಲೆಯವನು ಎರಡು ಪಾಸ್ತೆಲಿಯೋ ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಹೆಸರು ಹೇಗೆ ಹೇಳೋದು ಇದನ್ನ ಅಂತ ಜೋಲೀನ್ ಕೇಳಿದಳು, ಪುಸ್ತಕದಲ್ಲಿ ಅಕ್ಷರಗಳಿದ್ದವು, ಟಿ ಮತ್ತು ಎಕ್ಸ್ ಪಕ್ಕಪಕ್ಕ ಕೂತಿದ್ದವು, ಸುತ್ತ ಬರೀ ಸ್ವರಗಳು, ಯಾರ ನಾಲಿಗೆಯೂ ತಿರುಗಲಿಲ್ಲ. ಹತ್ತು ನಿಮಿಷವೂ ಆಗಿಲ್ಲ, ಫೌಸ್ಟೋನ ಫೋನು ಟಿಣ್ ಅಂತು, ಬಂತು ಕಣ್ರೋ, ಹೊಸದು, ಇಷ್ಟು ಬೇಗ ಹೇಗೆ ಮಾಡ್ತಾರೆ ಇವ್ರು, ಈ ಸಲ ಅವನು ಟೀವಿಗೆ ಹಾಕಲಿಲ್ಲ, ಫೋನನ್ನೇ ಮೇಜಿನ ನಡುವೆ ಇಟ್ಟ, ಗಾಜಿನ ಕೋಣೆ, ಮೈಕು, ಅದು ಹೇಳಿತು, ಬೆನಾಟ್ ಗಾಯ್‌ಕೊ-ಎಟ್-ಎಕ್ಸಿಯಾ, ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ, ಎಲ್ಲೂ ತಡೆಯದೆ, ಎಲ್ಲೂ ಹೆದರದೆ — ಹೆಡ್ವಿಗ್‌ಳ ಕಿವಿ ಬಿಸಿಯಾಯಿತು. ಹೆದರಿಕೆ ಅಲ್ಲ, ಸಿಟ್ಟು, ಶುದ್ಧವಾದ ಸಿಟ್ಟು, ಎಷ್ಟು ದಿನವಾಗಿತ್ತು ಹೀಗೆ ಸಿಟ್ಟು ಬಂದು, ಸುಳ್ಳು ಅಂದಳು, ಡೆಸ್ ಹೀಗೆ ಹೇಳ್ತಾನೇ ಇರಲಿಲ್ಲ, ಗೊತ್ತಿಲ್ಲದ ಹೆಸರಿನ ಮುಂದೆ ಅವನಿಗೆ ಕೈಕಾಲು ತಣ್ಣಗಾಗ್ತಿತ್ತು, ಗೊತ್ತಾಗೋ ತನಕ ಬಾಯಿ ತೆಗೀತಿರಲಿಲ್ಲ. ನಿನಗೆ ಹೇಗೆ ಗೊತ್ತು ಅಂತ ಜೋಲೀನ್, ತಮಾಷೆಗೇ ಕೇಳಿದ್ದು. ನಾನು ಅವನ ಹೆಂಡತಿ, ಅಂದಳು ಹೆಡ್ವಿಗ್, ಹನ್ನೆರಡನೇ ಸಾಲು ಮೊದಲು ಅವನೇ ಆಗಿದ್ದ, ಆಮೇಲೆ ನಾನು.

ಜೋಲೀನ್‌ಳ ಕೈ ಬಾಯಿಗೆ ಹೋಯಿತು, ಅವನಿಗೆ ಯಾರಾದ್ರೂ ಕಾಫಿ ಕೊಡಿ ಅಂತ ನಾನು — ಹೌದು, ನೀನೇ ಬರೆದಿದ್ದೆ, ಅಂದಳು ಹೆಡ್ವಿಗ್, ಅದನ್ನು ಓದಿ ಮರುದಿನದಿಂದ ಮೂರನೇ ಇನ್ನಿಂಗ್ಸ್‌ಗೆ ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಹೋಗ್ತಿದ್ದ, ನಿನ್ನ ಪುಣ್ಯ, ಅಂದದ್ದೇ ತಡ ಜೋಲೀನ್ ಅಳುತ್ತಾ ನಗುತ್ತಿದ್ದಾಳೆ, ಆಂಬ್ರೋಸ್ ಮಾತ್ರ ಟೋಪಿಯ ಅಂಚನ್ನು ತಿರುಗಿಸುತ್ತಾ, ಹಾಗಾದ್ರೆ ನಮ್ಮಪ್ಪನ ವಿಷಯ ಬರೆದಿದ್ದೆನಲ್ಲ, ಅದನ್ನ ಓದಿದ್ದು... ನಾನು, ಆಂಬ್ರೋಸ್, ಅದನ್ನು ಓದಿಯೇ ಉತ್ತರ ಬರೆದದ್ದು. ಫೌಸ್ಟೋ ಫೋನನ್ನು ಮಗುಚಿಟ್ಟಿದ್ದ, ಹುಬ್ಬಿನ ಹಿಟ್ಟಿನ ಕೆಳಗೆ ಮುಖವೆಲ್ಲ ಕೆಂಪು, ಮಿಸೆಸ್ ಟಿಯರ್ನಿ, ಎಲ್ಲಾ ವಿಡಿಯೋ ಗುಂಪಿಗೆ ಹಾಕಿದ್ದು ನಾನೇ, ಒಂದೂ ಬಿಟ್ಟಿಲ್ಲ. ಒಂದೂ ಬಿಡದೆ ನಾನೂ ನೋಡಿದೆ, ಅಂದಳು, ಮೊದಲನೆಯದನ್ನು ನಲವತ್ತು ಸಲ, ಆ ಮಾತು ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಅಲ್ಲ, ಪಾದ್ರಿಗೂ ಅಲ್ಲ, ಹೇಳಿದರೆ ಆಕಾಶ ಬೀಳುತ್ತದೆ ಅಂತಿತ್ತು, ಬೀಳಲಿಲ್ಲ, ಜೋಲೀನ್ ಒಂದು ಕೋಳಿ ರೆಕ್ಕೆಯನ್ನು ಅವಳ ತಟ್ಟೆಗೆ ಹಾಕಿದಳು ಅಷ್ಟೇ. ಹಾಗಿದ್ರೆ ಈ ಹೆಸರನ್ನ ಅವನು ಹೇಗೆ ಹೇಳ್ತಿದ್ದ ಅಂತ ಆಂಬ್ರೋಸ್ ಕೇಳಿದ. ಹೇಗೆ ಹೇಳುತ್ತಿದ್ದ — ಹೇಳುತ್ತಿದ್ದದ್ದು ಅವನು, ಹುಡುಕುತ್ತಿದ್ದದ್ದು ಇವಳು, ಇಪ್ಪತ್ತೊಂಬತ್ತು ವರ್ಷ ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ದಿನವಿಡೀ ಧ್ವನಿವರ್ಧಕದಲ್ಲಿ ಡಾಕ್ಟರುಗಳ ಹೆಸರು, ರೋಗಿಗಳ ಮನೆಯವರ ಹೆಸರು, ಪೋಲೆಂಡಿನವು, ಯೆಮೆನ್‌ನವು, ಬರ್ಮಾದವು, ಲಾಗೋಸ್‌ನವು, ಹೆಸರು ತಪ್ಪು ಕರೆದರೆ ಎದ್ದು ಬರಬೇಕಾದವನು ಏಳುವುದಿಲ್ಲ, ಅಷ್ಟು ಸರಳ, ಅದಕ್ಕೇ ಡೆಸ್‌ನನ್ನು ಹೊಸ ಆಟಗಾರನ ಹೆಸರು ಕಂಗೆಡಿಸಿದಾಗ ಇವಳು ಹುಡುಗನನ್ನು ಕೇಳುತ್ತಿರಲಿಲ್ಲ, ಹುಡುಗರು ನಾಚಿಕೆಗೆ ಹೇಗೆ ಕರೆದರೂ ಆಯ್ತು ಸಾರ್ ಅನ್ನುತ್ತಾರೆ, ಇವಳು ಅವರ ತಾಯಂದಿರಿಗೆ ಫೋನು ಮಾಡುತ್ತಿದ್ದಳು, ಕೇಳುತ್ತಿದ್ದದ್ದು ಒಂದೇ ಮಾತು, ಊಟಕ್ಕೆ ಹೇಗೆ ಕರೀತೀರಿ ಅವನನ್ನ. ಹಾಗೆ ಕೇಳಿದರೆ ಯಾವ ತಾಯಿಯೂ ಪಾಠ ಹೇಳುವುದಿಲ್ಲ, ಕರೆದೇ ತೋರಿಸುತ್ತಾಳೆ.

ಹುಡುಗನ ಮನೆಯವರದೊಂದು ಊಟದ ಹೋಟೆಲು ಇದೆಯಂತೆ, ವಿನೆಮಕ್ಕಾ ಅನ್ನೋ ಊರಲ್ಲಿ, ಕುರಿ ಕಾಯೋರಿಗೆ ಅಂತ ಅವರಜ್ಜ ಶುರು ಮಾಡಿದ್ದು, ಕಡಲಾಚೆಯಿಂದ ಬಂದ ಬಾಸ್ಕ್ ಜನ, ಅಂತ ಆಂಬ್ರೋಸ್ ನೂರಾ ತೊಂಬತ್ತೆರಡನೇ ಪುಟದ ಅಂಚನ್ನು ಓದಿದ, ನಂಬರು ಸಿಕ್ತು ಅಂತ ಜೋಲೀನ್ ತನ್ನ ಫೋನನ್ನು ಚಾಚಿದಳು, ಹೆಡ್ವಿಗ್ ಕನ್ನಡಕ ಸರಿಮಾಡಿಕೊಂಡು ಒತ್ತಿದಳು, ರಿಂಗಾಯಿತು, ಆಯಿತು, ಹನ್ನೊಂದು ಸಲ, ಇವತ್ತು ಯಾರು ಎತ್ತುತ್ತಾರೆ ಪಾಪ, ಇಟ್ಟುಬಿಡೋಣ ಅನ್ನುವಾಗ ಒಂದು ಸದ್ದಿನ ಅಲೆ ಬಂದು ಕಿವಿಗೆ ಅಪ್ಪಳಿಸಿತು, ಹಾಡು, ಪಾತ್ರೆ, ನಾಯಿ, ಅದರ ನಡುವೆ ಒಂದು ಮುದಿ ಹೆಂಗಸಿನ ಗಡುಸು ದನಿ, ಇವತ್ತು ಊಟ ಇಲ್ಲ, ಮುಚ್ಚಿದೀವಿ. ಊಟ ಬೇಡ ತಾಯಿ, ನಾನು ಬಫಲೋದಿಂದ ಮಾತಾಡ್ತಿದೀನಿ. ತಂಡದವರಾ, ಅಂತ ಆ ಕಡೆಯಿಂದ. ಅಲ್ಲ, ತಂಡ ನೋಡೋಳು, ಹುಡುಗನ ಹೆಸರನ್ನ ಇಲ್ಲಿ ಎಲ್ಲರೂ ಕೆಡಿಸ್ತಿದಾರೆ, ಅದಕ್ಕೇ ಮಾಡಿದೆ, ನೀವು ಅವನ ತಾಯಿಯಾ. ಅಜ್ಜಿ, ಮಯಾಲೆನ್ ನನ್ನ ಹೆಸರು, ಅವನಮ್ಮ ಅಳ್ತಾ ಕೂತಿದಾಳೆ, ಬಫಲೋದಲ್ಲಿ ಚಳಿ ಅಂತಾರಲ್ಲ. ಇದೆ, ಸುಳ್ಳು ಹೇಳೋದಿಲ್ಲ, ಕೋಟು ಕೊಡಿಸ್ತೀವಿ. ಅವನು ಟೋಪಿ ಹಾಕ್ಕೊಳ್ಳೋದಿಲ್ಲ, ಕಿವಿ ನೋಯುತ್ತೆ ಅವನಿಗೆ, ಹೇಳಿಬಿಡಿ ಅಲ್ಲಿ ಯಾರಿಗಾದ್ರೂ. ಹೇಳ್ತೀನಿ. ಹೆಡ್ವಿಗ್ ಒಂದು ಉಸಿರು ಎಳೆದುಕೊಂಡಳು, ಊಟಕ್ಕೆ ಹೇಗೆ ಕರೀತೀರಿ ಅವನನ್ನ. ಅಷ್ಟು ದೂರದಲ್ಲಿ, ಮೂರು ಗಂಟೆ ಹಿಂದಿರುವ ಗಡಿಯಾರದ ಊರಿನಲ್ಲಿ, ಆ ಮುದುಕಿ ಫೋನಿಗೆ ಕೈಯಡ್ಡ ಕೂಡ ಹಿಡಿಯದೆ ಇಡೀ ಮನೆಗೆ ಕೇಳುವ ಹಾಗೆ ಕೂಗಿದಳು, ಬೆನ್ಯಾಆತ್, ಬೆನ್ಯಾತ್ ಗೊಯ್ಕೊಎಚೆಆ, ಟಿ ಮತ್ತು ಎಕ್ಸ್ ಎರಡೂ ಕರಗಿ ಒಂದು ಮೆತ್ತಗಿನ ಚ ಆಗಿದ್ದವು, ಗದ್ದಲದ ಆಳದಿಂದ ಒಂದು ಹುಡುಗನ ದನಿ ಬಂತು, ಏನು ಅಮಾಮಾ, ಬಂದೆ ಅಮಾಮಾ. ಫೋನಿನ ದನಿ ಮೇಜಿಗೆಲ್ಲ ಕೇಳಿಸುತ್ತಿತ್ತು, ಜೋಲೀನ್ ಬೆನ್ಯಾತ್ ಅಂದಳು, ಫೌಸ್ಟೋ ಬೆನ್ಯಾತ್ ಅಂದ, ಆಂಬ್ರೋಸ್ ಪುಸ್ತಕದಲ್ಲಿ ಟಿ ಎಕ್ಸ್ ಮೇಲೆ ಗೀಟು ಹೊಡೆದು ಚ ಬರೆದ, ಹೆಡ್ವಿಗ್ ಮೂರು ಸಲ ಹೇಳಿದಳು, ಎರಡು ಸಲ ಮಯಾಲೆನ್ ತಿದ್ದಿದಳು, ಮೂರನೆಯದಕ್ಕೆ ಹಾಂ, ಈಗ ಕರೆದ್ರೆ ಬರ್ತಾನೆ ಅಂದಳು.

ಹಾಗಾದರೆ ಹೇಳಿ, ಅವರು ಹೇಳ್ತಿದ್ದ ಹಾಗೇ ಹೇಳಿ, ಆಂಬ್ರೋಸ್ ಫೋನಿನ ಕ್ಯಾಮೆರಾ ಹಿಡಿದ, ಅವಳು ಬೇಡ ಬೇಡ ಅಂದಳು, ಕೂದಲು ಮುಟ್ಟಿಕೊಂಡಳು, ಆಮೇಲೆ ಹಿತ್ತಲಿನ ಬಿಸಿಲಿನಲ್ಲಿ ನೆಟ್ಟಗೆ ಕೂತು, ಆಸ್ಪತ್ರೆಯ ಮೈಕಿನ ಮುಂದೆ ಕೂರುತ್ತಿದ್ದ ಹಾಗೆ, ಮೂಗು ತುಂಬ ಗಾಳಿ ಎಳೆದು — ನೆವಾಡಾದಿಂದ ಬರುತ್ತಿದ್ದಾನೆ ನಮ್ಮ ಕ್ಯಾಚರ್, ಬೆನ್ಯಾತ್ ಗೊಯ್ಕೊಎಚೆಆ, ಹತ್ತಪ್ಪ ದೋಣಿ, ಜಾಗ ಇದೆ — ಹೊಸಬ ಬಂದಾಗಲೆಲ್ಲ ಡೆಸ್ ಹೇಳುತ್ತಿದ್ದ ಮಾತು, ಹತ್ತಪ್ಪ ದೋಣಿ ಜಾಗ ಇದೆ, ಅವನ ಬಾಯಲ್ಲಿ ಅದು ಉರುಳುತ್ತಿತ್ತು, ಇವಳ ಬಾಯಲ್ಲಿ ಜಾಗ ಅನ್ನುವಲ್ಲಿ ಒಡೆಯಿತು, ಒಡೆದರೆ ಒಡೆಯಲಿ, ಇನ್ನೊಮ್ಮೆ ತೆಗೆಯೋಣವಾ ಅಂತ ಆಂಬ್ರೋಸ್ ಕೇಳಿದಾಗ ಬೇಡ ಅಂದಳು, ಹೀಗೇ ಹೋಗಲಿ. ಗುಂಪಿಗೆ ಹೋಯಿತು, ಗುಂಪಿನಿಂದ ಇನ್ನೆಲ್ಲಿಗೋ, ಐದು ನಿಮಿಷಕ್ಕೆ ಫೌಸ್ಟೋನ ಫೋನು ನಿಲ್ಲದೆ ಟಿಣ್ ಟಿಣ್, ಯಾರೋ ಬರೆದರು ಇದು ಮಿಸೆಸ್ ಟಿಯರ್ನಿ ಅಲ್ಲವಾ, ನನ್ನ ಅಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನಮ್ಮ ಹೆಸರನ್ನ ಸರಿಯಾಗಿ ಕೂಗಿದವರು ಇವರೊಬ್ಬರೇ, ಫೌಸ್ಟೋ ಅದನ್ನು ಎದ್ದು ನಿಂತು ಓದಿದ, ಆಮೇಲೆ ಹೇಳದೆ ಕೇಳದೆ ಆ ಇನ್ನೊಂದನ್ನು, ಗಾಜಿನ ಕೋಣೆಯದನ್ನು, ತನ್ನ ಫೋನಿನಿಂದ ತೆಗೆದುಹಾಕಿದ, ಅವಳು ನೋಡಿಯೂ ನೋಡದ ಹಾಗಿದ್ದಳು, ಅದು ಎಲ್ಲೋ ಇರುತ್ತದೆ, ಇರಲಿ, ನಾಳೆ ಮತ್ತೊಂದು ಹೆಸರು ತಪ್ಪು ಹೇಳುತ್ತದೆ, ತಪ್ಪು ಹೇಳಿ ಹತ್ತು ಎಣಿಸುವಷ್ಟು ಹೊತ್ತು ನೋಡುತ್ತದೆ, ನೋಡಲಿ, ಅವಳಿಗೆ ನಾಳೆ ಬೇರೆ ಕೆಲಸವಿದೆ, ಐದನೇ ಸುತ್ತಿನಲ್ಲಿ ಕ್ಯೂರಸಾವ್ ದ್ವೀಪದವನೊಬ್ಬ ಬಂದಿದ್ದಾನೆ, ಅವನ ತಾಯಿಯ ನಂಬರು ಹುಡುಕಬೇಕು, ಜೋಲೀನ್ ಆಗಲೇ ಹುಡುಕುತ್ತಿದ್ದಾಳೆ, ಬುಧವಾರ ನಮ್ಮನೆಗೆ ಬನ್ನಿ ಎಲ್ಲರೂ, ಚಹಾಕ್ಕೆ, ಅಂದಳೇ ಅವಳು, ಅಂದಿರಬೇಕು, ಮೂವರೂ ಆಯ್ತು ಅನ್ನುತ್ತಿದ್ದಾರಲ್ಲ.

ನೆವಾಡಾದಿಂದ ಏನೋ ಬಂತು, ಜೋಲೀನ್ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು, ಹುಡುಗನ ಸೋದರತ್ತೆಯ ಮಗಳಂತೆ ಕಳಿಸಿದವಳು, ಟೀವಿಯಲ್ಲಿ ಹೆಸರು ಬಂದ ಗಳಿಗೆಯಲ್ಲಿ ತೆಗೆದದ್ದು, ಹನ್ನೊಂದು ಸೆಕೆಂಡು, ಮುಗಿದ ಕೂಡಲೇ ತಾನೇ ಮತ್ತೆ ಶುರುವಾಗುತ್ತದೆ, ಉದ್ದನೆಯ ಊಟದ ಕೋಣೆ, ಒಂದೇ ಸಲ ಎದ್ದ ಮೂವತ್ತು ಜನ, ಕುರ್ಚಿ ಬಿದ್ದದ್ದು, ನಡುವೆ ಎಲ್ಲರಿಗಿಂತ ಎತ್ತರದ ಹುಡುಗ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಇವನೇನಾ ಬೆನ್ಯಾತ್, ಇನ್ನೂ ಮಗುವಿನ ಮುಖ, ಕಿವಿ ನಿಜವಾಗಿಯೂ ದೊಡ್ಡವು, ಆದರೆ ಹೆಡ್ವಿಗ್‌ಳ ಕಣ್ಣು ಹುಡುಗನ ಮೇಲೆ ನಿಲ್ಲುವುದಿಲ್ಲ, ಎಡಗಡೆ ಅಡಿಗೆಮನೆಯ ಬಾಗಿಲಲ್ಲಿ ಕುಳ್ಳಗಿನ ಒಬ್ಬ ಮುದುಕಿ, ಕಪ್ಪು ಉಡುಪು, ಬಿಳಿ ಏಪ್ರನ್, ಅವಳೇ ಇರಬೇಕು, ಆ ಗಡುಸು ದನಿಗೆ ಇಷ್ಟು ಚಿಕ್ಕ ಮೈ, ಕೈಯಲ್ಲಿ ಸಾರಿನ ಸೌಟು, ಹೆಸರು ಕೇಳಿದ್ದೇ ಆ ಕೈ ಮೇಲಕ್ಕೆ ಏಳುತ್ತದೆ, ಸೌಟಿನ ಸಮೇತ, ತುಂಬಿದ ಸೌಟು, ಸಾರು ಮಣಿಕಟ್ಟಿನಿಂದ ಉಡುಪಿನ ತೋಳಿನೊಳಗೆ ಇಳಿಯುತ್ತದೆ, ಬಿಸಿ ಸಾರು, ಅವಳಿಗೆ ಗೊತ್ತೇ ಇಲ್ಲ, ಬಾಯಿ ತೆರೆದುಕೊಂಡಿದೆ, ಕಣ್ಣು ಹುಡುಗನ ಮೇಲೆ — ಮುಗಿಯಿತು, ಮತ್ತೆ ಶುರು, ಆಂಬ್ರೋಸ್ ಏನೋ ಕೇಳುತ್ತಿದ್ದಾನೆ, ಜೋಲೀನ್ ನಗುತ್ತಿದ್ದಾಳೆ, ಯಾರೋ ಇವಳ ಲೋಟ ತುಂಬಿಸುತ್ತಿದ್ದಾರೆ, ಕುರ್ಚಿ ಬೀಳುತ್ತದೆ, ಕೈ ಏಳುತ್ತದೆ, ಸೌಟು ಏಳುತ್ತದೆ, ಸಾರು ತೋಳಿನೊಳಗೆ ಇಳಿಯುತ್ತದೆ, ಅವಳಿಗೆ ಗೊತ್ತೇ ಇಲ್ಲ — ಮತ್ತೆ — ಕೈ ಏಳುತ್ತದೆ, ತುಂಬಿದ ಸೌಟು, ಸಾರು ಇಳಿಯುತ್ತದೆ, ಇಳಿಯುತ್ತದೆ, ಅವಳಿಗೆ ಗೊತ್ತೇ ಇಲ್ಲ.